ಮಳೆಗಾಲದಲ್ಲಿ ಬಿಗಿಯಾದ ಬಾಗಿಲನ್ನು ಕೆತ್ತಿಸಬೇಕೇ? ಬಾಡಿಗೆ ಮನೆ, ಕೊಡಗಿನ ತೇವ ಮತ್ತು ಕೆಲವು ತಪ್ಪು ನಂಬಿಕೆಗಳು

ಕೊಡಗಿನಲ್ಲಿ ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ದಿನಗಳು, ಬಂತೆಂದರೆ ಬಡಗಿಗಳಿಗೆ ಬರುವ ಫೋನ್ ಕರೆ ಹೆಚ್ಚುಕಡಿಮೆ ಒಂದೇ ಬಗೆಯದು: "ಅಣ್ಣಾ, ರೂಮಿನ ಬಾಗಿಲು ಹಾಕೋಕೆ ಆಗ್ತಿಲ್ಲ, ಬಂದು ಸ್ವಲ್ಪ ಹತ್ತರಿ ಹೊಡೆದು ಕೊಡಿ." ಬಡಗಿ ಬರುತ್ತಾರೆ, ಅರ್ಧ ಗಂಟೆಯಲ್ಲಿ ಅಂಚು ಕೆತ್ತುತ್ತಾರೆ, ಬಾಗಿಲು ಸಲೀಸಾಗಿ ಹಾಕಿಕೊಳ್ಳುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಫೆಬ್ರವರಿ ಹೊತ್ತಿಗೆ ಅದೇ ಬಾಗಿಲಿನ ಪಕ್ಕದಲ್ಲಿ ಪೆನ್ಸಿಲ್ ತೂರುವಷ್ಟು ಸಂದು ಬಿದ್ದಿರುತ್ತದೆ, ಚಿಲಕ ಚೌಕಟ್ಟಿನ ತೂತನ್ನು ಸರಿಯಾಗಿ ಹಿಡಿಯುವುದಿಲ್ಲ. ಮನೆ ಖಾಲಿ ಮಾಡುವ ದಿನ ಓನರ್ ಬಂದು ನೋಡಿ "ಬಾಗಿಲು ಹಾಳು ಮಾಡಿದ್ದೀರಿ" ಎಂದು ಅಡ್ವಾನ್ಸ್‌ನಲ್ಲಿ ಹಣ ಮುರಿದುಕೊಳ್ಳುತ್ತಾರೆ.

ಇಲ್ಲಿ ತಪ್ಪು ಯಾರದು? ಬಡಗಿಯದೇ, ಬಾಡಿಗೆದಾರರದೇ, ಮಳೆಯದೇ? ಬಾಗಿಲು ಏಕೆ ಕೆಟ್ಟಿತು ಎಂದು ಗೊತ್ತಾಗುವ ಮೊದಲೇ ರಿಪೇರಿಗೆ ಕೈ ಹಾಕಿದ್ದು ತಪ್ಪು ಎನ್ನುವುದು ನಮ್ಮ ಉತ್ತರ. ಬಿಗಿಯಾಗುವ ಬಾಗಿಲಿಗೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳಲ್ಲಿ ಒಂದು ಬಡಗಿಯ ಕೆಲಸವೇ ಅಲ್ಲ. ಕೊಡಗಿನಂಥ ಗುಡ್ಡಗಾಡಿನಲ್ಲಿ ಅದನ್ನು ಗುರುತಿಸದೇ ಹೋದರೆ ಪ್ರಾಣಕ್ಕೇ ಅಪಾಯ.

ಮರ ಏಕೆ ಉಬ್ಬುತ್ತದೆ?

ಕಡಿದು, ಕೊಯ್ದು, ಪಾಲಿಶ್ ಮಾಡಿದ ಮೇಲೂ ಮರ ಗಾಳಿಯಲ್ಲಿರುವ ನೀರಾವಿಯನ್ನು ಹೀರುವುದನ್ನು ಬಿಡುವುದಿಲ್ಲ. ಸುತ್ತಲಿನ ಗಾಳಿ ತೇವವಾಗಿದ್ದರೆ ಹೀರುತ್ತದೆ, ಒಣಗಿದ್ದರೆ ಬಿಟ್ಟುಕೊಡುತ್ತದೆ. ಗಾಳಿಯ ಆರ್ದ್ರತೆ ಶೇ. 50ರ ಆಸುಪಾಸಿನಲ್ಲಿ ತುಂಬಾ ದಿನ ಇದ್ದರೆ ಮರದ ತೇವಾಂಶ ಶೇ. 9ರ ಸುತ್ತ ನಿಲ್ಲುತ್ತದೆ. ಆರ್ದ್ರತೆ ಶೇ. 90ಕ್ಕೆ ಏರಿ ಅಲ್ಲೇ ವಾರಗಟ್ಟಲೆ ನಿಂತರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪೂರ್ವಕ್ಕೆ ಕುಶಾಲನಗರದ ಕಡೆ ಇಳಿದರೆ ಮಳೆ ತೀರಾ ಕಡಿಮೆ. ಒಂದೇ ಅಂಗಡಿಯಿಂದ ತಂದ ಎರಡು ಬಾಗಿಲುಗಳು ಈ ಎರಡು ಊರುಗಳಲ್ಲಿ ಬೇರೆ ಬೇರೆ ರೀತಿ ವರ್ತಿಸುವುದರಲ್ಲಿ ಆಶ್ಚರ್ಯವಿಲ್ಲ.

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ಒಣಗಿಸಿದ ಕಾಫಿ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದೆಂದು ಗೋದಾಮಿನಲ್ಲಿ ಎಷ್ಟು ಎಚ್ಚರ ವಹಿಸುತ್ತಾರೆಂದು ಅವರಿಗೆ ಗೊತ್ತು. ಮಂಗಳೂರಿನ ಕಡೆ 'ಮಾನ್ಸೂನ್ಡ್ ಮಲಬಾರ್' ಕಾಫಿ ತಯಾರಿಸುವವರು ಬೀಜವನ್ನು ಬೇಕೆಂದೇ ಮಳೆಗಾಲದ ಗಾಳಿಗೆ ಒಡ್ಡಿ ಉಬ್ಬಿಸುತ್ತಾರೆ. ಬಾಗಿಲಿನಲ್ಲಿ ಆಗುವುದೂ ಅದೇ, ಅಲ್ಲಿ ಅದು ಯಾರಿಗೂ ಬೇಕಿರುವುದಿಲ್ಲ ಅಷ್ಟೇ.

ಮರ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ನಾರಿನ ಉದ್ದಕ್ಕೆ ಬಹುತೇಕ ಉಬ್ಬುವುದೇ ಇಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಆದ್ದರಿಂದಲೇ ಬಾಗಿಲಿನ ಎತ್ತರ ಹಾಗೇ ಇದ್ದು ಅಗಲ ಮಾತ್ರ ಹೆಚ್ಚುತ್ತದೆ. ಹೆಚ್ಚು ಕದಲದ ಮರ ಎಂದು ಹೆಸರಾದ ತೇಗವನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ತೇವಾಂಶ ಶೇ. 1 ಏರಿದರೆ ಅದು ಅಡ್ಡಕ್ಕೆ ಹೆಚ್ಚೆಂದರೆ ಸುಮಾರು ಶೇ. 0.19ರಷ್ಟು ಹಿಗ್ಗುತ್ತದೆ. 750 ಮಿ.ಮೀ. ಅಗಲದ ಬಾಗಿಲನ್ನು ಬರೀ ಹಲಗೆಗಳನ್ನು ಜೋಡಿಸಿ ಮಾಡಿದ್ದರೆ, ತೇವಾಂಶ ಶೇ. 8 ಏರಿದಾಗ ಅದು 11 ಮಿ.ಮೀ.ಗೂ ಹೆಚ್ಚು ಅಗಲವಾಗುತ್ತದೆ. ಬಾಗಿಲಿನ ಸುತ್ತ ಸಾಮಾನ್ಯವಾಗಿ ಬಿಡುವ ಸಂದು ಸುಮಾರು 3 ಮಿ.ಮೀ. ಮಾತ್ರ!

ಹಳೆಯ ಕಾಲದ ಬಡಗಿಗಳು ಇದಕ್ಕೆ ಕಂಡುಕೊಂಡ ಉಪಾಯವೇ ಪ್ಯಾನೆಲ್ ಬಾಗಿಲು. ಎರಡೂ ಬದಿಗೆ 100 ಮಿ.ಮೀ. ಅಗಲದ ನಿಲುವು ಪಟ್ಟಿಗಳು, ನಡುವಿನ ಹಲಗೆಗಳು ಗಾಡಿಯೊಳಗೆ ಅಂಟಿಲ್ಲದೆ ಸಡಿಲವಾಗಿ ಕೂತಿರುತ್ತವೆ. ಹಲಗೆ ಗಾಡಿಯೊಳಗೇ ಹಿಗ್ಗಿ ಕುಗ್ಗುತ್ತದೆ. ಹೊರ ಅಳತೆಗೆ ಲೆಕ್ಕವಾಗುವುದು ಆ ಎರಡು ಪಟ್ಟಿಗಳ 200 ಮಿ.ಮೀ. ಮಾತ್ರ. ಅಂದರೆ ಸುಮಾರು 3 ಮಿ.ಮೀ. ಸಂದಿಗೆ ಸರಿಹೋಗುವಷ್ಟು, ಅಷ್ಟೇ. ಆ ಗಾಡಿಗೆ ಅಂಟು ಸುರಿದು "ಭದ್ರ" ಮಾಡಿಸುವವರಿದ್ದಾರೆ, ದಯವಿಟ್ಟು ಮಾಡಿಸಬೇಡಿ.

ಈಗಿನ ಫ್ಲ್ಯಾಟುಗಳಲ್ಲಿ ಇರುವುದು ಹೆಚ್ಚಾಗಿ ಫ್ಲಶ್ ಡೋರ್. ಅದರ ಎರಡೂ ಮುಖಕ್ಕೆ ಪ್ಲೈವುಡ್ ಅಥವಾ ಒತ್ತಿದ ನಾರಿನ ಹಾಳೆ ಇರುತ್ತದೆ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರುವುದರಿಂದ ಒಂದು ಇನ್ನೊಂದನ್ನು ಹಿಗ್ಗಲು ಬಿಡುವುದಿಲ್ಲ. ಹಾಗಾಗಿ ಅಗಲದ ತೊಂದರೆ ಕಡಿಮೆ. ಆದರೆ ಅದರ ಕೆಳ ಅಂಚಿಗೆ ನೀರು ತಗುಲಿದರೆ ಪದರ ಬಿಟ್ಟುಕೊಳ್ಳುತ್ತದೆ. ಘನ ಮರ ಒಣಗಿದಾಗ ಹೆಚ್ಚುಕಡಿಮೆ ಹಳೆಯ ಅಳತೆಗೆ ಮರಳುತ್ತದೆ; ಉಬ್ಬಿದ ಪಾರ್ಟಿಕಲ್ ಬೋರ್ಡ್ ಮರಳುವುದಿಲ್ಲ. ಕಾಯಬೇಕೋ ರಿಪೇರಿ ಮಾಡಿಸಬೇಕೋ ಎನ್ನುವುದು ಈ ವ್ಯತ್ಯಾಸದ ಮೇಲೆ ನಿಂತಿದೆ.

"ಪೇಂಟ್ ಹೊಡೆದಿದೆ, ನೀರು ಹೇಗೆ ಹೋಗುತ್ತೆ?"

ಪೇಂಟ್ ನೀರಾವಿಯನ್ನು ನಿಧಾನಗೊಳಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಮೂರು ತಿಂಗಳ ಮಳೆಗೆ ಈ ನಿಧಾನವೂ ಸಾಲದು. ಅದಕ್ಕಿಂತ ದೊಡ್ಡ ಸಮಸ್ಯೆ, ಪೇಂಟರ್‌ಗಳು ಬಾಗಿಲಿನ ಮೇಲಂಚು ಮತ್ತು ಕೆಳಂಚನ್ನು ಮುಟ್ಟದೇ ಬಿಡುವುದು. ಕಣ್ಣಿಗೆ ಕಾಣುವುದಿಲ್ಲವಲ್ಲ! ಆದರೆ ನಿಲುವು ಪಟ್ಟಿಗಳ ನಾರಿನ ತುದಿ ತೆರೆದುಕೊಂಡಿರುವುದು ಅಲ್ಲೇ, ಮರ ನೀರನ್ನು ಅತಿ ವೇಗವಾಗಿ ಹೀರುವುದೂ ಅಲ್ಲಿಂದಲೇ. ಸಣ್ಣ ಕನ್ನಡಿಯೊಂದನ್ನು ಬಾಗಿಲಿನ ಕೆಳಗೆ ಹಿಡಿದು ನೋಡಿ. ಬರಿಯ ಮರ ಕಂಡರೆ ತೇವ ಬರುವ ದಾರಿ ಸಿಕ್ಕಿತು ಎಂದೇ ಅರ್ಥ.

ಇನ್ನೊಂದು ದಾರಿ ನಾವೇ ಮಾಡಿಕೊಟ್ಟಿದ್ದು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಬೇರೆ ಜಾಗ ಎಲ್ಲಿದೆ? ರೂಮಿನೊಳಗೆ ಹಗ್ಗ, ಬಾಗಿಲಿನ ಹಿಂದೆ ರೇನ್‌ಕೋಟ್, ಚಿಲಕಕ್ಕೆ ಕೊಡೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು 17 ಗ್ರಾಂ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯ ಇಡೀ ಗಾಳಿಗೆ ಸೇರಿ ಅದು ಅರ್ಧ ಲೀಟರ್ ನೀರೂ ಆಗುವುದಿಲ್ಲ. ಕೈಯಲ್ಲಿ ಹಿಂಡಿದ ಒಂದು ಬಕೆಟ್ ಬಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನೀರು ಇರುತ್ತದೆ. ಮಿಕ್ಕಿದ್ದು ಗೋಡೆಗೆ, ಹಾಸಿಗೆಗೆ, ಬಾಗಿಲಿಗೆ ಹೋಗುತ್ತದೆ.

ಹಾಗಾದರೆ ಕಿಟಕಿ ತೆಗೆದಿಟ್ಟರೆ ಸಾಕೇ? ಹೊರಗಿನ ಗಾಳಿಯೇ ಶೇ. 95ರಷ್ಟು ತೇವವಾಗಿರುವ ದಿನ ಅದರಿಂದ ಹೆಚ್ಚೇನೂ ಆಗದು. ಅದೇ ಗಾಳಿಯನ್ನು 20ರಿಂದ 25 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಶೇ. 70ರ ಹತ್ತಿರಕ್ಕೆ ಇಳಿಯುತ್ತದೆ. ದಿನವಿಡೀ ಸೌದೆ ಒಲೆ ಉರಿಯುತ್ತಿದ್ದ ಮನೆಗಳಿಗೆ ಈ ಅನುಕೂಲ ತಾನಾಗಿಯೇ ಸಿಗುತ್ತಿತ್ತು. ಗ್ಯಾಸ್ ಒಲೆಯ ಫ್ಲ್ಯಾಟಿಗೆ ಅದಿಲ್ಲ. ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಹಾಕಿ, ಅಲ್ಲಿ ಫ್ಯಾನ್ ಮತ್ತು ಸ್ವಲ್ಪ ಬಿಸಿ ಇಟ್ಟು, ಎಗ್ಸಾಸ್ಟ್ ಫ್ಯಾನ್ ಇದ್ದರೆ ಅದನ್ನೂ ಓಡಿಸಿ ಗಾಳಿ ಹೊರಹಾಕುವುದು ಸದ್ಯಕ್ಕೆ ಇರುವ ದಾರಿ. ಹೀಟರ್ ಮೇಲೆ ಬಟ್ಟೆ ಹರಡಬೇಡಿ, ಬೆಂಕಿ ಹತ್ತಿಕೊಳ್ಳಬಹುದು.

ಎಲ್ಲಿ ಉಜ್ಜುತ್ತಿದೆ?

ಬಡಗಿಯನ್ನು ಕರೆಯುವ ಮೊದಲು ಐದು ನಿಮಿಷ ಕೊಟ್ಟು ಇದನ್ನು ನೋಡಿ. ಬಾಗಿಲಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಹಾಕಿ ತೆಗೆಯಿರಿ. ಸುಣ್ಣ ಎಲ್ಲಿ ಚೌಕಟ್ಟಿಗೆ ಅಂಟಿದೆಯೋ ಅಲ್ಲಿ ಉಜ್ಜುತ್ತಿದೆ.

ಚಿಲಕದ ಬದಿಯ ಮೇಲಿನ ಮೂಲೆಯಲ್ಲಿ ಮಾತ್ರ ಉಜ್ಜುತ್ತಿದ್ದರೆ ಅದು ಮರದ ಉಬ್ಬು ಅಲ್ಲ, ಮೇಲಿನ ಹಿಂಜ್ ಸಡಿಲವಾಗಿ ಬಾಗಿಲು ಜೋತುಬಿದ್ದಿದೆ. ಬಾಗಿಲನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲಕ್ಕೆತ್ತಿ. ಕದಲಿತೇ? ಹಾಗಿದ್ದರೆ ಹತ್ತರಿಗೆ ಅಲ್ಲಿ ಕೆಲಸವೇ ಇಲ್ಲ. ಚಿಲಕದ ಬದಿಯ ಉದ್ದಕ್ಕೂ ಒಂದೇ ಸಮ ಉಜ್ಜುತ್ತಿದ್ದರೆ, ಅದೂ ಮಳೆ ಶುರುವಾಗಿ ಕೆಲವು ವಾರಗಳ ಮೇಲೆ ನಿಧಾನವಾಗಿ ಬಂದಿದ್ದರೆ, ಅದು ಉಬ್ಬು. ಕೆಳಗೆ ಮಾತ್ರ ನೆಲಕ್ಕೆ ಉಜ್ಜುತ್ತಿದ್ದರೆ, ವಿಶೇಷವಾಗಿ ಬಚ್ಚಲಿನ ಬಾಗಿಲಾದರೆ, ಕೆಳ ಅಂಚು ನೀರು ಕುಡಿದು ಊದಿಕೊಂಡಿರಬಹುದು.

ಅಲ್ಯೂಮಿನಿಯಂ ಕಿಟಕಿಯೂ ಬಿಗಿಯಾಗಿದೆಯೇ?

ಹೌದು ಎಂದಾದರೆ ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ಲೋಹ ತೇವಕ್ಕೆ ಉಬ್ಬುವುದಿಲ್ಲ. ಮರದ ಬಾಗಿಲಿನ ಜೊತೆಗೆ, ಈವರೆಗೆ ಸರಿಯಾಗಿದ್ದ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಕಿಟಕಿ, ಗೇಟು ಕೂಡ ಇದ್ದಕ್ಕಿದ್ದಂತೆ ಹಾಕಿಕೊಳ್ಳದಿದ್ದರೆ ಅದಕ್ಕೆ ತೇವ ಕಾರಣವಲ್ಲ, ಚೌಕಟ್ಟು ವಾರೆಯಾಗಿದೆ. ಚೌಕಟ್ಟು ವಾರೆಯಾಗಲು ಗೋಡೆ ಕದಲಿರಬೇಕು, ಗೋಡೆ ಕದಲಲು ಅದರ ಕೆಳಗಿನ ನೆಲ ಕುಸಿದಿರಬಹುದು ಅಥವಾ ಜರುಗುತ್ತಿರಬಹುದು. ಮೊದಲು ಸರಿಯಾಗಿದ್ದ ಬಾಗಿಲು, ಕಿಟಕಿ ಒಮ್ಮೆಗೇ ಬಿಗಿಯಾಗುವುದನ್ನು ಭೂಕುಸಿತದ ಮುನ್ಸೂಚನೆಗಳಲ್ಲಿ ಒಂದೆಂದು ಜಗತ್ತಿನಾದ್ಯಂತ ಎಣಿಸುತ್ತಾರೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಸುತ್ತಮುತ್ತ ಗುಡ್ಡಗಳು ಜರಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ಕೊಡಗಿನವರು ಮರೆತಿಲ್ಲ. ಮಡಿಕೇರಿಯಲ್ಲಿ ಇಳಿಜಾರು ಕಡಿದು ಕಟ್ಟಿದ ಮನೆಗಳು ಬೇಕಾದಷ್ಟಿವೆ, ಬಾಡಿಗೆಗೆ ಬಂದವರಿಗೆ ಆ ಜಾಗದ ಹಿಂದಿನ ಕಥೆ ಗೊತ್ತಿರುವುದಿಲ್ಲ. ಹಾಗೆಂದು ಬಿಗಿಯಾದ ಪ್ರತಿ ಬಾಗಿಲಿಗೂ ಗಾಬರಿಯಾಗಬೇಕಿಲ್ಲ. ವ್ಯತ್ಯಾಸ ತಿಳಿಯಲು ಸುಲಭದ ದಾರಿಗಳಿವೆ. ಮರ ಉಬ್ಬಿದಾಗ ಬಾಗಿಲಿನ ಸುತ್ತಲಿನ ಸಂದು ಕಿರಿದಾದರೂ ಮೇಲಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ಅಳತೆ ಇರುತ್ತದೆ. ಚೌಕಟ್ಟು ವಾರೆಯಾದಾಗ ಸಂದು ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು. ಅಳತೆ ಟೇಪ್ ಹಿಡಿದು ಚೌಕಟ್ಟಿನ ಒಳಗಿನ ಎರಡು ಕರ್ಣಗಳನ್ನು, ಅಂದರೆ ಮೂಲೆಯಿಂದ ಎದುರು ಮೂಲೆಗೆ, ಅಳೆದು ಬರೆದಿಡಿ. ಹಳೆಯ ಮನೆಗಳಲ್ಲಿ ಅವೆರಡರ ನಡುವೆ ಸಣ್ಣ ವ್ಯತ್ಯಾಸ ಮೊದಲಿನಿಂದಲೇ ಇರಬಹುದು. ಆದರೆ ಮರುದಿನಕ್ಕೆ ಆ ವ್ಯತ್ಯಾಸ ಬದಲಾಗಿದ್ದರೆ ನಿರ್ಲಕ್ಷಿಸುವಂತಿಲ್ಲ.

ಬಾಗಿಲಿನ ಮೂಲೆಯಿಂದ ಓರೆಯಾಗಿ ಏರುವ ಹೊಸ ಬಿರುಕು, ಟೈಲ್ಸ್ ನಡುವೆ ಬಾಯಿಬಿಟ್ಟ ಗೆರೆ, ಮನೆಯಿಂದ ಬೇರ್ಪಡುತ್ತಿರುವ ಮೆಟ್ಟಿಲು, ವಾಲಿದ ಬೇಲಿ ಕಂಬ, ಮನೆಯ ಹಿಂದಿನ ಬರೆಯಲ್ಲಿ ಹೊಸದಾಗಿ ಒಸರುವ ಕೆಸರು ನೀರು: ಬಿಗಿಯಾದ ಬಾಗಿಲಿನ ಜೊತೆ ಇವುಗಳಲ್ಲಿ ಯಾವುದಾದರೂ ಕಂಡರೆ, ಅದೂ ಜೋರು ಮಳೆಯ ನಡುವೆ, ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ. ಆಮೇಲೆ ಓನರ್‌ಗೂ, 1077 ಅಥವಾ 112ಕ್ಕೂ ಕರೆ ಮಾಡಿ. ಬಾಗಿಲು ಪೂರ್ತಿ ಸಿಕ್ಕಿಕೊಂಡು ತೆರೆಯಲಾಗದ ಸ್ಥಿತಿಗೆ ಬರುವವರೆಗೆ ಕಾಯಬೇಡಿ.

ಇನ್ನು ರಿಪೇರಿ

ಜೋತುಬಿದ್ದ ಬಾಗಿಲು ಎಲ್ಲಕ್ಕಿಂತ ಸುಲಭ. ಬಾಗಿಲ ಕೆಳಗೆ ಮರದ ತುಂಡು ಕೊಟ್ಟು ಆಸರೆ ಮಾಡಿ, ಮೇಲಿನ ಹಿಂಜ್‌ನ ಸಡಿಲ ಸ್ಕ್ರೂ ತೆಗೆಯಿರಿ. ತೂತಿಗೆ ಅಂಟು ಸವರಿದ ಬಿದಿರು ಕಡ್ಡಿ ಅಥವಾ ಮದ್ದು ಕಿತ್ತ ಬೆಂಕಿಕಡ್ಡಿಗಳನ್ನು ಒತ್ತೊತ್ತಾಗಿ ತುಂಬಿ, ಮಟ್ಟಕ್ಕೆ ಕತ್ತರಿಸಿ, ಒಂದು ರಾತ್ರಿ ಒಣಗಲು ಬಿಟ್ಟು ಮತ್ತೆ ಸ್ಕ್ರೂ ಹಾಕಿ. ಒಮ್ಮೆಗೆ ಒಂದೇ ಹಿಂಜ್ ಬಿಚ್ಚಿ. ಫ್ಲಶ್ ಡೋರ್ ನೋಡುವುದಕ್ಕಿಂತ ಭಾರ.

ಉಬ್ಬಿದ ಬಾಗಿಲಿಗೆ ಮೇಣದಬತ್ತಿ ಅಥವಾ ಒಣ ಸೋಪು ಉಜ್ಜುವ ಹಳೆಯ ಉಪಾಯ ಸುಳ್ಳೇನಲ್ಲ. ಉಬ್ಬು ಇಳಿಯುವುದಿಲ್ಲ, ಆದರೆ ಘರ್ಷಣೆ ಕಡಿಮೆಯಾಗಿ ಮಳೆಗಾಲ ದೂಡಬಹುದು. ಎರಡರಲ್ಲಿ ಮೇಣವೇ ಮೇಲು, ಅದು ನೀರು ಹೀರುವುದಿಲ್ಲ. ಬಾಗಿಲು ಹಾಕಿಕೊಳ್ಳಲೇಬೇಕಾದ ಕೋಣೆಯಾದರೆ ಸುಣ್ಣ ಅಂಟಿದ ಕಡೆ ಮಾತ್ರ ಉಪ್ಪುಕಾಗದದಿಂದ ಒಂದು ಮಿ.ಮೀ.ನಷ್ಟು ತೆಗೆಯಿರಿ. ಹತ್ತರಿ ಹೊಡೆಯುವುದೇ ಆದರೆ ಹುತ್ತರಿ ಹಬ್ಬ ಕಳೆದು, ಜನವರಿ ಫೆಬ್ರವರಿಯ ಒಣ ಗಾಳಿ ಬಂದ ಮೇಲೆ. ಆಗ ಸಂದು ಸಾಕಷ್ಟಿದೆಯೇ ಎಂದು ಅಳೆದು ನೋಡಿದರೆ ಎಷ್ಟೋ ಸಲ ಹತ್ತರಿಯೇ ಬೇಡವೆನಿಸುತ್ತದೆ. ಕೆತ್ತಿದರೂ ಕೆತ್ತದಿದ್ದರೂ ಆ ಒಣ ದಿನಗಳಲ್ಲೇ ಬಾಗಿಲನ್ನು ಕಳಚಿ, ಮೇಲಂಚು ಕೆಳಂಚಿಗೆ ಎರಡು ಕೋಟ್ ಪ್ರೈಮರ್, ಪೇಂಟ್ ಅಥವಾ ವಾರ್ನಿಶ್ ಹೊಡೆಸಿ. ಈ ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ ಎನ್ನುತ್ತೇವೆ.

ಪದರ ಬಿಟ್ಟ ಫ್ಲಶ್ ಡೋರ್‌ಗೆ "ಫೆವಿಕಾಲ್ ಹಾಕಿದರೆ ಆಯ್ತು" ಎನ್ನುವುದು ಅರ್ಧ ಸತ್ಯ. ಸಾಮಾನ್ಯ ಬಿಳಿ ಅಂಟು ನೀರು ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಬಚ್ಚಲಿನ ಬಾಗಿಲಿಗೆ ನೀರು ತಡೆಯುವ ಬಗೆಯ ಅಂಟನ್ನೇ ಕೇಳಿ ತನ್ನಿ. ಅಂಚು ಪೂರ್ತಿ ಒಣಗಿದ ಮೇಲೆ ಪದರಗಳ ನಡುವೆ ಅಂಟು ತುಂಬಿ, ಎರಡೂ ಕಡೆ ಹಲಗೆ ಕೊಟ್ಟು ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಡಿ. ಒದ್ದೆ ಮರಕ್ಕೆ ಅಂಟು ಹಿಡಿಯುವುದಿಲ್ಲ. ಕೊಳೆತ ಭಾಗವಿದ್ದರೆ ಕೆಳಗಿನ ಪಟ್ಟಿ ಕತ್ತರಿಸಿ ಹೊಸ ಮರ ಕೂರಿಸಬೇಕು, ಅದು ಬಡಗಿಯ ಕೆಲಸ. ಹೊಸ ಪ್ಲೈ ಕೊಳ್ಳುವಾಗ ಅಂಗಡಿಯವರು ಹೇಳುವ 'ಎಂಆರ್' ಎಂದರೆ ತೇವ ತಡೆಯುವಂಥದ್ದು ಮಾತ್ರ. ನೀರು ಬೀಳುವ ಕಡೆಗೆ 'ಬಿಡಬ್ಲ್ಯುಆರ್' ಅಥವಾ ಐಎಸ್ 710 ಗುರುತಿನ ಮೆರೈನ್ ಪ್ಲೈ ಬೇಕು.

ಗಾಳಿಗೆ ಬಡಿದೋ, ಕುರ್ಚಿ ತಾಗಿಯೋ ಟೊಳ್ಳು ಬಾಗಿಲಿಗೆ ತೂತು ಬಿದ್ದರೆ ಬರೀ ಪುಟ್ಟಿ ತುಂಬಬೇಡಿ, ಒಳಗೆ ಆಸರೆಯಿಲ್ಲದೆ ಅದು ಬಿದ್ದುಹೋಗುತ್ತದೆ. ತೂತಿಗಿಂತ ಉದ್ದದ ತೆಳು ಮರದ ಪಟ್ಟಿಯನ್ನು ಒಳಗೆ ತೂರಿಸಿ, ಎರಡು ತುದಿಗೂ ಹೊರಗಿನಿಂದ ಸಣ್ಣ ಸ್ಕ್ರೂ ಹಾಕಿ ನಿಲ್ಲಿಸಿ. ಅದರ ಮೇಲೆ ಮರದ ಪುಟ್ಟಿಯನ್ನು ತೆಳುವಾಗಿ ಎರಡು ಮೂರು ಸಲ ತುಂಬಿ, ಪ್ರತಿ ಸಲ ಒಣಗಿಸಿ ಉಜ್ಜಬೇಕು. ತೇಪೆಯ ಮೇಲಷ್ಟೇ ಪೇಂಟ್ ಹೊಡೆದರೆ ಬಣ್ಣ ಬೇರೆಯಾಗಿ ಕಾಣುತ್ತದೆ, ಆ ಮುಖ ಪೂರ್ತಿ ಹೊಡೆಸಿ. ಲ್ಯಾಮಿನೇಟ್ ಅಂಟಿಸಿದ ಬಾಗಿಲಾದರೆ ಗುರುತು ಕಾಣದಂತೆ ಮಾಡುವುದು ಕಷ್ಟ, ಮೊದಲು ಓನರ್ ಜೊತೆ ಮಾತಾಡುವುದೇ ಒಳ್ಳೆಯದು.

ಉಜ್ಜುವಾಗ ಒಂದು ಎಚ್ಚರಿಕೆ. ಮನೆಗೆ ಬಳಸುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಪೇಂಟ್‌ನ ಧೂಳಿನಲ್ಲಿ ಸೀಸ ಇರಬಹುದು, ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಹಾನಿಕರ. ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳು ಮತ್ತು ಗರ್ಭಿಣಿಯರನ್ನು ದೂರವಿಡಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಗೆದ್ದಲಿನ ಬಗ್ಗೆಯೂ ಒಂದು ಮಾತು. "ತೇಗಕ್ಕೆ ಗೆದ್ದಲು ಹಿಡಿಯಲ್ಲ" ಎನ್ನುವುದು ಅದರ ಒಳಗಿನ ಕಪ್ಪು ಕಾವು ಭಾಗಕ್ಕಷ್ಟೇ ತಕ್ಕಮಟ್ಟಿಗೆ ನಿಜ. ಹೊರಗಿನ ಬಿಳಿ ಮರವನ್ನು ಗೆದ್ದಲು ಬಿಡುವುದಿಲ್ಲ. ಸೀಮೆಎಣ್ಣೆ ಸುರಿದರೆ ಕಣ್ಣಿಗೆ ಕಂಡಷ್ಟು ಸಾಯುತ್ತವೆ, ನೆಲದೊಳಗಿನ ಗೂಡು ಹಾಗೇ ಇರುತ್ತದೆ, ಬೆಂಕಿಯ ಅಪಾಯ ಬೇರೆ.

ಖರ್ಚು ಯಾರದು?

ಬಾಡಿಗೆ ಕರಾರಿನಲ್ಲಿ ಬೇರೇನೂ ಬರೆಯದಿದ್ದಾಗ, ಸ್ಥಳೀಯ ರೂಢಿಯೂ ಬೇರೆ ಇಲ್ಲದಿದ್ದಾಗ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಲೆಕ್ಕಕ್ಕೆ ಬರುತ್ತದೆ. ಅದರ ಪ್ರಕಾರ ಬಾಡಿಗೆದಾರರು ಮನೆಯನ್ನು ತಾವು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗೆ ವಿನಾಯಿತಿ ಇದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಕಾವೇರಿ ದಡದ ಬಡಾವಣೆಗಳಿಗೆ ನೀರು ನುಗ್ಗಿ ಮನೆಗಳು ನೆನೆದವು. ಅಂಥ ಪ್ರವಾಹದಲ್ಲಿ ಊದಿದ ಬಾಗಿಲಿಗೆ ಬಾಡಿಗೆದಾರರನ್ನು ಹೊಣೆ ಮಾಡುವುದು ಈ ವಿನಾಯಿತಿಗೆ ಹೊಂದುವುದಿಲ್ಲ. ಮಳೆಗಾಲದ ಸಾಮಾನ್ಯ ಉಬ್ಬು, ಸವೆದ ಹಿಂಜ್ ಸಹಜ ಸವೆತಕ್ಕೆ ಸೇರುತ್ತವೆ ಎನ್ನುವುದು ನಮ್ಮ ಓದು. ಒದ್ದು ಮಾಡಿದ ತೂತು ಸೇರುವುದಿಲ್ಲ. ಓನರ್ ಕೇಳದೆ ಕೆತ್ತಿಸಿದ ಬಾಗಿಲೂ ಸೇರುವುದು ಕಷ್ಟ. ತಮ್ಮ ತಪ್ಪಿನಿಂದಾದ ಹಾನಿಯ ಬಗ್ಗೆ ಓನರ್ ನೋಟಿಸ್ ಕೊಟ್ಟರೆ ಬಾಡಿಗೆದಾರರು ಮೂರು ತಿಂಗಳೊಳಗೆ ಸರಿಪಡಿಸಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ.

"ನಾನೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ತೀನಿ" ಎನ್ನುವ ಮಾತು ಬಹಳ ಕೇಳಿಬರುತ್ತದೆ. ಕಾಯ್ದೆಯಲ್ಲಿ ಅಂಥ ಅವಕಾಶ ಇದೆ, ಆದರೆ ಓನರ್ ಮಾಡಿಸಲು ಬದ್ಧರಾಗಿರುವ ರಿಪೇರಿಗೆ ಮಾತ್ರ, ಅದೂ ನೋಟಿಸ್ ಕೊಟ್ಟು ತಕ್ಕಷ್ಟು ಸಮಯ ಕಾದ ಮೇಲೆ. ಯಾವ ರಿಪೇರಿ ಯಾರದು ಎಂದು ಕರಾರಿನಲ್ಲಿ ಬರೆಸಿಕೊಳ್ಳದಿದ್ದರೆ ಈ ಅವಕಾಶದಿಂದ ಹೆಚ್ಚು ಪ್ರಯೋಜನವಿಲ್ಲ. ಬರೆಸಲು ಒಂದು ಮಾದರಿ ಬೇಕೆಂದರೆ ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ನೋಡಿ: ಬಾಗಿಲು ಕಿಟಕಿಗಳ ಪೇಂಟ್ ಮತ್ತು ಕಟ್ಟಡದ ರಚನೆಗೆ ಸಂಬಂಧಿಸಿದ ರಿಪೇರಿ ಓನರ್‌ಗೆ, ಹಿಡಿಕೆ ಮತ್ತು ಬೀಗ ಬದಲಾಯಿಸುವುದು ಬಾಡಿಗೆದಾರರಿಗೆ. ರಾಜ್ಯಗಳು ಅಳವಡಿಸಿಕೊಳ್ಳದೆ ಅದು ಕಾನೂನಾಗುವುದಿಲ್ಲ, ಆದರೆ ಕರಾರಿಗೆ ಎತ್ತಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಮನೆಗೆ ಬಂದ ದಿನವೇ ಪ್ರತಿ ಬಾಗಿಲಿನ ಎರಡೂ ಮುಖ, ಕೆಳ ಅಂಚು, ಹಿಂಜ್ ಮತ್ತು ಸಂದಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ. ಸಂದಿನ ಪಕ್ಕ ಸ್ಕೇಲ್ ಹಿಡಿದು ತೆಗೆದರೆ ಇನ್ನೂ ಒಳ್ಳೆಯದು. ಮಾರ್ಚ್‌ನಲ್ಲಿ ಬಂದು ಆಗಸ್ಟ್‌ನಲ್ಲಿ ಬಿಡುವವರ ಬಾಗಿಲು ಬಿಡುವ ದಿನ ಬಿಗಿಯಾಗಿಯೇ ಇರುತ್ತದೆ. ಹಿಂದಿನ ಮಳೆಗಾಲದಲ್ಲೂ ಅದು ಹಾಗೇ ಇತ್ತೇ ಎಂದು ಹಳೆಯ ಬಾಡಿಗೆದಾರರನ್ನೋ ಪಕ್ಕದ ಮನೆಯವರನ್ನೋ ಕೇಳಿ ನೋಡಿ.